ಟಾರ್ಚಿನ ಒಂದು ಸೆಲ್ 3.3 ವೋಲ್ಟ್, ಇನ್ನೊಂದು 1.1: ಬ್ಯಾಟರಿ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮಾವು ಬೆಳೆಗಾರರು, ಶ್ರೀನಿವಾಸಪುರ): ಕಾಯಿ ಬಿಟ್ಟಾಗ ತೋಟ ಕಾಯುವುದಕ್ಕೂ, ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಬೋರ್‌ವೆಲ್ ಮೋಟಾರ್ ಹಾಕಲು ಹೋಗುವುದಕ್ಕೂ ಒಂದು ದೊಡ್ಡ ಎಲ್‌ಇಡಿ ಟಾರ್ಚ್ ಇಟ್ಟುಕೊಂಡಿದ್ದೇನೆ. ಅದರಲ್ಲಿ 18650 ಲಿಥಿಯಂ ಸೆಲ್ ಎರಡು, ಒಂದರ ಹಿಂದೆ ಒಂದು ಕೂರುತ್ತವೆ. ಸುಗ್ಗಿ ಮುಗಿದ ಮೇಲೆ ಎತ್ತಿಟ್ಟಿದ್ದ ಟಾರ್ಚ್ ಈಗ ಹೊತ್ತುತ್ತಿಲ್ಲ. ಮಲ್ಟಿಮೀಟರ್ ಹಿಡಿದರೆ ಒಂದು ಸೆಲ್ 3.3 ವೋಲ್ಟ್, ಇನ್ನೊಂದು 1.1 ತೋರಿಸುತ್ತದೆ. ಎರಡನೆಯದನ್ನು ಚಾರ್ಜರ್ ಒಪ್ಪುತ್ತಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಬೈಕಿನ ಬ್ಯಾಟರಿಯಿಂದ ಸ್ವಲ್ಪ ಹೊತ್ತು ಕರೆಂಟ್ ಕೊಟ್ಟು ಎಬ್ಬಿಸಿಕೊಡುತ್ತೇನೆ ಎನ್ನುತ್ತಾರೆ. ಎಬ್ಬಿಸಬಹುದೇ? ಲೋ-ವೋಲ್ಟೇಜ್ ಪ್ರೊಟೆಕ್ಷನ್ ಇದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಹೀಗೇಕಾಯಿತು?

ಉತ್ತರ: ಖಂಡಿತ ಎಬ್ಬಿಸಬೇಡಿ. ಲಿಥಿಯಂ-ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಖಾಲಿ ಎನ್ನುವ ಗೆರೆಯನ್ನು ತಯಾರಕರು ಸಾಮಾನ್ಯವಾಗಿ 2.5ರಿಂದ 3 ವೋಲ್ಟಿನ ನಡುವೆ ಎಳೆಯುತ್ತಾರೆ. ಅದಕ್ಕಿಂತ ತೀರಾ ಕೆಳಕ್ಕಿಳಿದು ಹಾಗೆಯೇ ಉಳಿದ ಸೆಲ್‌ನಲ್ಲಿ, ಋಣ ತುದಿಯ ಕಡೆಯ ಪದರಕ್ಕೆ ಆಧಾರವಾಗಿರುವ ತೆಳುವಾದ ತಾಮ್ರದ ಹಾಳೆಯು ಒಳಗಿನ ದ್ರಾವಣದಲ್ಲಿ ಕರಗಲು ಶುರುವಾಗುತ್ತದೆ. ಅಂಥ ಸೆಲ್ಲಿಗೆ ಮತ್ತೆ ಚಾರ್ಜ್ ಕೊಟ್ಟರೆ ಕರಗಿದ ತಾಮ್ರ ತನ್ನ ಜಾಗಕ್ಕೆ ಮರಳದೆ ಕಂಡಕಂಡಲ್ಲಿ ಲೋಹವಾಗಿ ಕೂತು, ಎರಡು ಪದರಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಪೊರೆಯನ್ನು ದಾಟಿ ಒಳಗೊಳಗೇ ಶಾರ್ಟ್ ಮಾಡಬಲ್ಲದು. ತೊಂದರೆಯೆಂದರೆ, ಎಬ್ಬಿಸಿದ ಸೆಲ್ ಮೀಟರಿನಲ್ಲಿ 4.2 ತೋರಿಸಿ ಅಂದು ರಾತ್ರಿ ಚೆನ್ನಾಗಿಯೇ ಉರಿದು, ವಾರಗಳ ನಂತರ ಮತ್ತೊಂದು ಚಾರ್ಜಿನ ವೇಳೆ ಬಿಸಿಯಾಗಿ ಹೊಗೆಯಾಡಬಹುದು. ಇನ್ನು ಬೈಕಿನ 12 ವೋಲ್ಟ್ ಬ್ಯಾಟರಿಗೆ ನೇರ ಜೋಡಿಸಿದರೆ ಕರೆಂಟಿಗೆ ಮಿತಿ ಹಾಕುವುದು ವೈರಿನ ಮತ್ತು ಸೆಲ್ಲಿನ ರೆಸಿಸ್ಟೆನ್ಸ್ ಮಾತ್ರ. ನಿಮ್ಮ ಚಾರ್ಜರ್ ಆ ಸೆಲ್ ಅನ್ನು ಒಪ್ಪದಿರುವುದು ಅದರ ದೋಷವಲ್ಲ, ಅದು ಮಾಡಬೇಕಾದ ಕೆಲಸವೇ ಅದು.

ಡಬ್ಬಿಯ ಮೇಲಿನ ಬರಹ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಸರಣಿಯಲ್ಲಿ ಕೂತ ಎರಡು ಸೆಲ್‌ಗಳ ಟಾರ್ಚಿನಲ್ಲಿ, ಎಲ್‌ಇಡಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಡ್ರೈವರ್ ಸರ್ಕಿಟ್‌ಗೆ ಕಾಣಿಸುವುದು ಒಟ್ಟು ವೋಲ್ಟೇಜ್ ಮಾತ್ರ. ಅದು 5.6 ವೋಲ್ಟಿಗೆ ಆರಿಸುವಂತೆ ಹೊಂದಿಸಿದ್ದರೆ ತಲಾ 2.8 ಎಂಬುದು ಅದರ ಲೆಕ್ಕ; ನಿಮ್ಮಲ್ಲಿ ಒಂದು 3.4 ಇದ್ದು ಇನ್ನೊಂದು 2.2ಕ್ಕೆ ಇಳಿದಿದ್ದರೂ ಮೊತ್ತ ಅಷ್ಟೇ ಆಗುತ್ತದೆ. ಆರಿದ ಮೇಲೂ ಕೆಲಸ ಮುಗಿಯಲಿಲ್ಲ. ಒತ್ತಿದರೆ ಹೊತ್ತುವ ಎಲೆಕ್ಟ್ರಾನಿಕ್ ಸ್ವಿಚ್ ಸದಾ ಎಚ್ಚರವಾಗಿದ್ದು ಸ್ವಲ್ಪ ಸ್ವಲ್ಪವೇ ಕರೆಂಟ್ ಎಳೆಯುತ್ತಿರುತ್ತದೆ: 50 ಮೈಕ್ರೋಆಂಪಿಯರ್ ಎಂದಿಟ್ಟುಕೊಂಡರೂ ತಿಂಗಳಿಗೆ 36 ಮಿಲಿಆಂಪಿಯರ್-ಅವರ್ ಆಯಿತು. ತುಂಬಿದ ಸೆಲ್ಲಿಗೆ ಇದು ಲೆಕ್ಕಕ್ಕಿಲ್ಲ; ಆಗಲೇ ಬರಿದಾದ ಸೆಲ್ ಮಾತ್ರ ಇಷ್ಟಕ್ಕೇ ಪಾತಾಳಕ್ಕಿಳಿಯುತ್ತದೆ.

ಪ್ರಶ್ನೆ (ಅದೇ ಬೆಳೆಗಾರರು): ಹಾಗಾದರೆ 3.3 ಇರುವ ಸೆಲ್ಲಿನ ಜೊತೆಗೆ ಹೊಸದೊಂದನ್ನು ಹಾಕಿಕೊಳ್ಳಲೇ?

ಉತ್ತರ: ಬೇಡ. ಹಳತು ಮೊದಲು ಖಾಲಿಯಾಗುತ್ತದೆ, ಹೊಸದು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತದೆ, ಕೊನೆಗೆ ಹಳತು ಉಲ್ಟಾ ಚಾರ್ಜ್ ಆಗುವ ಮಟ್ಟಕ್ಕೂ ಹೋಗಬಹುದು. ಒಂದೇ ಕಂಪನಿಯ, ಒಂದೇ ಮಾದರಿಯ, ಒಟ್ಟಿಗೆ ಕೊಂಡ ಜೋಡಿಯನ್ನೇ ಹಾಕಿ, ಒಟ್ಟಿಗೇ ಚಾರ್ಜ್ ಮಾಡಿ. ಉಳಿದ ಸೆಲ್ ಚಾರ್ಜ್ ಹಿಡಿದು ನಿಲ್ಲುತ್ತಿದ್ದರೆ ಒಂದೇ ಸೆಲ್ಲಿನ ಸಣ್ಣ ಟಾರ್ಚಿಗೆ ಬಳಸಬಹುದು. ಈ ಬಾರಿ ಎತ್ತಿಡುವಾಗ 3.7 ವೋಲ್ಟಿನ ಆಸುಪಾಸಿನಲ್ಲಿ ಸೆಲ್‌ಗಳನ್ನು ಹೊರತೆಗೆದು, ನೆರಳಿನ ತಂಪು ಜಾಗದಲ್ಲಿಡಿ. ಶೀಟಿನ ಪಂಪ್‌ಹೌಸ್ ಅದಕ್ಕೆ ತಕ್ಕ ಜಾಗವಲ್ಲ.

ಪ್ರಶ್ನೆ (ಮುಳಬಾಗಿಲು): ಪ್ರೊಟೆಕ್ಟೆಡ್ ಸೆಲ್ ತಂದರೆ ಈ ತಲೆನೋವೇ ಇರುವುದಿಲ್ಲವಲ್ಲ?

ಉತ್ತರ: ಬಹುಮಟ್ಟಿಗೆ ನಿಜ. ಅಂಥ ಸೆಲ್ಲಿನ ಋಣ ತುದಿಯಲ್ಲಿ ನಾಣ್ಯದಗಲದ ಒಂದು ಬೋರ್ಡ್ ಇದ್ದು, ತನ್ನ ಸೆಲ್ ಸುಮಾರು 2.5 ವೋಲ್ಟಿಗೆ ಇಳಿದೊಡನೆ ಸಂಪರ್ಕ ಕಡಿಯುತ್ತದೆ. ಸರಣಿಯಲ್ಲಿ ಒಂದು ಕಡಿದರೂ ಇಡೀ ಟಾರ್ಚ್ ಆರುತ್ತದೆ. ಎರಡು ವಿಷಯ ಗಮನಿಸಿ. ಬೋರ್ಡಿನಿಂದಾಗಿ 65 ಮಿಲಿಮೀಟರ್ ಇರಬೇಕಾದ ಸೆಲ್ 69–70ರವರೆಗೆ ಬೆಳೆಯುತ್ತದೆ, ಎಲ್ಲ ಟಾರ್ಚಿನಲ್ಲೂ ಹಿಡಿಸುವುದಿಲ್ಲ. ಎರಡನೆಯದು ನನಗೆ ಹೆಚ್ಚು ಮುಖ್ಯ: ಡ್ರೈವರಿನಂತೆ ಮೊದಲು ಬೆಳಕು ತಗ್ಗಿಸಿ ಸೂಚನೆ ಕೊಡುವುದು ಬೋರ್ಡಿಗೆ ಗೊತ್ತಿಲ್ಲ, ಬದುವಿನ ಮೇಲೆ ಹಾವಿದ್ದರೂ ಅದು ಥಟ್ಟನೆ ಕತ್ತಲು ಮಾಡುತ್ತದೆ. ಆದ್ದರಿಂದ ಬೆಳಕನ್ನು ಹಂತಹಂತವಾಗಿ ಇಳಿಸುವ ಡ್ರೈವರೂ ಇರಲಿ, ಅದರ ಹಿಂದೆ ಕೊನೆಯ ಕಾವಲಾಗಿ ಬೋರ್ಡೂ ಇರಲಿ.

ಪ್ರಶ್ನೆ (ಬಂಗಾರಪೇಟೆ): ನನ್ನ ಟಾರ್ಚ್ ಟರ್ಬೋಗೆ (ಅತಿ ಹೆಚ್ಚು ಬೆಳಕಿನ ಮಟ್ಟಕ್ಕೆ) ಹಾಕಿದೊಡನೆ ಮಂಕಾಗುತ್ತದೆ, ಸೆಲ್ ತೆಗೆದು ನೋಡಿದರೆ 3.5 ವೋಲ್ಟ್ ಇರುತ್ತದೆ. ಸೆಲ್ಲಿನ ಮೇಲೆ 9900 ಎಂದು ಮುದ್ರಿಸಿದೆ.

ಉತ್ತರ: ಮಂಕಾಗಲು ಕಾರಣ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್. ಅದು 50 ಮಿಲಿಓಮ್ ಇದ್ದು ಟರ್ಬೋ 10 ಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಒಳಗೇ ಬಿದ್ದುಹೋಗಿ, ಡ್ರೈವರಿಗೆ 3.0 ಮಾತ್ರ ಕಾಣುತ್ತದೆ. ಹೊರೆ ತೆಗೆದೊಡನೆ ವೋಲ್ಟೇಜ್ ಮತ್ತೆ ಏಳುತ್ತದೆ. ಸೆಲ್ ಹಳತಾದಷ್ಟೂ, ಅಗ್ಗದ್ದಾದಷ್ಟೂ ಈ ರೆಸಿಸ್ಟೆನ್ಸ್ ಹೆಚ್ಚು. 9900 ಎಂಬ ಅಂಕಿಯನ್ನು ನಂಬಬೇಡಿ, ಒಳ್ಳೆಯ ಕಂಪನಿಗಳ 18650ಗಳೇ 3500 ಮಿಲಿಆಂಪಿಯರ್-ಅವರ್ ಆಸುಪಾಸಿಗೆ ನಿಲ್ಲುತ್ತವೆ. ತಕ್ಕಡಿಯ ಮೇಲಿಟ್ಟು ನೋಡಿ: ಅಸಲಿ ಸೆಲ್ 45–50 ಗ್ರಾಂ ತೂಗುತ್ತದೆ, ತೀರಾ ಹಗುರವಾಗಿದ್ದರೆ ಒಳಗೆ ಮಾಲು ಕಡಿಮೆ ಎಂದೇ ಅರ್ಥ.

ಪ್ರಶ್ನೆ (ಮಾಲೂರು): ನಮ್ಮದು ಹಳೆಯ 4 ವೋಲ್ಟ್ ಲೆಡ್-ಆಸಿಡ್ ಟಾರ್ಚ್. ಅದಕ್ಕೂ ಇದೇ ನಿಯಮವೇ?

ಉತ್ತರ: ಎತ್ತಿಡುವ ವಿಷಯದಲ್ಲಿ ತದ್ವಿರುದ್ಧ. ಲೆಡ್-ಆಸಿಡ್ ಅನ್ನು ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು, ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಸುಮಾರು 3.5 ವೋಲ್ಟಿಗೆ ಬಳಕೆ ನಿಲ್ಲಿಸಿ. ಅಗ್ಗದ ಟಾರ್ಚುಗಳಲ್ಲಿ ಹೆಚ್ಚಾಗಿ ತಾನಾಗಿಯೇ ಆರಿಸುವ ಕಟಾಫ್ ಇರುವುದಿಲ್ಲ, ಬೆಳಕು ಮಂಕಾದರೆ ನೀವೇ ಆರಿಸಬೇಕು.

ಪ್ರಶ್ನೆ (ಶ್ರೀನಿವಾಸಪುರ): 1.1 ವೋಲ್ಟಿನ ಆ ಸೆಲ್ ಅನ್ನು ತಿಪ್ಪೆಗೆ ಹಾಕಬಹುದೇ?

ಉತ್ತರ: ಬೇಡ, ತಿಪ್ಪೆಗೆ ಬೆಂಕಿ ಹಾಕುವ ರೂಢಿ ನಮ್ಮಲ್ಲಿದೆ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆ ತಯಾರಕರದು. ಧನ ತುದಿಯ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದೆಯೇ ಎಂದು ಮೊದಲು ನೋಡಿ, ಏಕೆಂದರೆ ಮೇಲಿನ ಗುಂಡಿಯೊಂದನ್ನು ಬಿಟ್ಟರೆ ಸೆಲ್ಲಿನ ಇಡೀ ಕವಚವೇ ಋಣ. ಹರಿದಿದ್ದರೆ ಅಲ್ಲಿಗೂ ಟೇಪ್ ಹಾಕಿ.