ರಿಸೆಸಿವ್‌ಗೆ ‘ದುರ್ಬಲ’ ಬೇಡ ಅನಿಸುತ್ತಿದೆ, ಬೇರೆ ಏನಿದೆ?

ಎಲ್ಲರಿಗೂ ನಮಸ್ಕಾರ. ಪದವಿ ಮೊದಲ ವರ್ಷದವರಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದವರಿಗಾಗಿ ತಳಿವಿಜ್ಞಾನದ ಟಿಪ್ಪಣಿ ಬರೆಯುತ್ತಿದ್ದೇನೆ, ಅದರಲ್ಲಿ ಒಂದು ಪದ ಕೈಕೊಟ್ಟಿದೆ.

ಡಾಮಿನೆಂಟ್ ಅಂದರೆ ‘ಪ್ರಬಲ’, ರಿಸೆಸಿವ್ ಅಂದರೆ ‘ದುರ್ಬಲ’ ಅಂತ ನಾನು ಕಲಿತದ್ದು. ಇಷ್ಟು ವರ್ಷ ಹಾಗೇ ಕಲಿಸಿಯೂ ಇದ್ದೇನೆ, ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ಮೊನ್ನೆ ರಕ್ತದ ಗುಂಪುಗಳ ಪಾಠ. ಎ ಮತ್ತು ಬಿ ಅಲೀಲ್‌ಗಳು (ಅಲೀಲ್ ಅಂದರೆ ಒಂದೇ ಜೀನ್‌ನ ಬೇರೆ ಬೇರೆ ರೂಪ) ಪ್ರಬಲ, ಓ ದುರ್ಬಲ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬಳು, “ಸರ್, ನಂದು ಓ ಗುಂಪು. ಹಾಗಾದ್ರೆ ನನ್ನ ರಕ್ತ ವೀಕಾ?” ಅಂದಳು. ಕ್ಲಾಸೆಲ್ಲ ನಕ್ಕಿತು. ಅವಳು ನಗಲಿಲ್ಲ, ನಿಜವಾಗಿಯೇ ಕೇಳಿದ್ದಳು.

ಅವಳಿಗೆ ಉತ್ತರ ಹೇಳುವಾಗ ನನಗೇ ಗೊತ್ತಾಯಿತು, ನಾನು ಹೇಳುತ್ತಿರುವ ಮಾತಿಗೂ ಬೋರ್ಡಿನ ಮೇಲಿನ ಪದಕ್ಕೂ ಸಂಬಂಧವೇ ಇಲ್ಲ. ಎ ಅಲೀಲ್ ಇದ್ದರೆ ಒಂದು ಕಿಣ್ವ ತಯಾರಾಗುತ್ತದೆ, ಬಿ ಇದ್ದರೆ ಸ್ವಲ್ಪ ಬೇರೆ ಕಿಣ್ವ. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸರಪಳಿಗಳಿರುತ್ತವೆ ನೋಡಿ, ಅವುಗಳ ತುದಿಗೆ ಈ ಕಿಣ್ವಗಳು ತಮ್ಮ ತಮ್ಮ ಸಕ್ಕರೆಯನ್ನು ಅಂಟಿಸುತ್ತವೆ. ಓ ಅಲೀಲ್‌ನಿಂದ ಕೆಲಸ ಮಾಡುವ ಕಿಣ್ವ ಬರುವುದಿಲ್ಲ, ಆದ್ದರಿಂದ ಸರಪಳಿ ಇದ್ದ ಹಾಗೇ ಉಳಿಯುತ್ತದೆ. ಅಪ್ಪ ಅಮ್ಮರಲ್ಲಿ ಒಬ್ಬರಿಂದ ಎ, ಇನ್ನೊಬ್ಬರಿಂದ ಓ ಬಂದಿದ್ದರೆ ಎ ತನ್ನ ಸಕ್ಕರೆ ಅಂಟಿಸಿಬಿಡುತ್ತದೆ, ಓ ಇರುವುದು ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅಷ್ಟೇ ವಿಷಯ. ಇಬ್ಬರೂ ಕುಸ್ತಿಗೆ ಬಿದ್ದು ಓ ಸೋತಿದ್ದಲ್ಲ.

‘ಪ್ರಬಲ’ದ್ದೂ ಇದೇ ಕಥೆ. ಪ್ರಬಲ ಅಂದರೆ ಜಾಸ್ತಿ ಜನರಲ್ಲಿ ಇರುವುದು, ದುರ್ಬಲ ಅಂದರೆ ನಿಧಾನಕ್ಕೆ ಅಳಿದುಹೋಗುವುದು ಅಂತ ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾರೆ. ಹಾಗಂತ ಇದನ್ನು ಪೂರ್ತಿ ಕನ್ನಡದ ತಲೆಗೆ ಕಟ್ಟುವ ಹಾಗಿಲ್ಲ, ‘ಡಾಮಿನೆಂಟ್’ ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಮೋಟು ಬೆರಳು ಡಾಮಿನೆಂಟ್ ಗುಣವಾದರೆ ಕಾಲ ಕಳೆದ ಹಾಗೆ ಅದು ಜನರಲ್ಲಿ ಹೆಚ್ಚುತ್ತಾ ಹೋಗಬೇಕಲ್ವಾ ಅನ್ನುವ ಗೊಂದಲ ಆಗಲೇ ಎದ್ದಿತ್ತು, ಹಾಗೇನೂ ಆಗಬೇಕಿಲ್ಲ ಅಂತ 1908ರಲ್ಲಿ ಗಣಿತಜ್ಞ ಹಾರ್ಡಿ ಸಣ್ಣದೊಂದು ಲೆಕ್ಕದಲ್ಲಿ ತೋರಿಸಬೇಕಾಯಿತು. ಓ ರಕ್ತದವರನ್ನೇ ನೋಡಿ, ಬೇಕಾದಷ್ಟು ಜನ ಇದ್ದಾರೆ.

ಬಟಾಣಿ ಗಿಡಗಳ ಪ್ರಯೋಗದಿಂದ ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಮೆಂಡೆಲ್ ಏನು ಹೇಳಿದ್ದ ಅಂತ ಹಿಂದಕ್ಕೆ ಹೋಗಿ ನೋಡಿದೆ. 1866ರ ಅವನ ಪ್ರಬಂಧ ಜರ್ಮನ್‌ನಲ್ಲಿದೆ. ಮಿಶ್ರತಳಿಯಲ್ಲಿ ಹಿಂದೆ ಸರಿಯುವ ಅಥವಾ ಪೂರ್ತಿ ಕಾಣೆಯಾಗುವ, ಆದರೆ ಅದರ ಸಂತತಿಯಲ್ಲಿ ಏನೂ ಬದಲಾಗದೆ ಮತ್ತೆ ಕಾಣಿಸಿಕೊಳ್ಳುವ ಗುಣ, ಅದಕ್ಕೇ ‘ರಿಸೆಸಿವ್’ ಅನ್ನುವ ಪದ ಆರಿಸಿದೆ ಅಂತ ಅವನೇ ಕಾರಣ ಕೊಟ್ಟಿದ್ದಾನೆ. ಅದರಲ್ಲಿ ಬಲದ ಮಾತೇ ಇಲ್ಲ! ದುಂಡು ಬಟಾಣಿ, ಸುಕ್ಕು ಬಟಾಣಿ ಕೂಡಿಸಿದಾಗ ಮೊದಲ ಪೀಳಿಗೆಯ ಕಾಳೆಲ್ಲ ದುಂಡು. ಆ ಗಿಡಗಳಿಂದ ಮುಂದೆ ಬಂದ 7324 ಕಾಳುಗಳಲ್ಲಿ 5474 ದುಂಡು, 1850 ಸುಕ್ಕು. ಆ 1850ರಲ್ಲಿ ಯಾವುದೂ ಅರ್ಧಂಬರ್ಧ ಸುಕ್ಕಲ್ಲ, ಅಜ್ಜನ ಹಾಗೇ ಚೆನ್ನಾಗಿ ಸುಕ್ಕುಗಟ್ಟಿದ್ದವು. ದುರ್ಬಲವಾಗಿದ್ದರೆ ಹಾಗೆ ಬರುತ್ತಿತ್ತಾ?

ಸರಿ, ಬದಲಿಗೆ ಏನು? ತಲೆಗೆ ಬಂದದ್ದನ್ನೆಲ್ಲ ಹಾಳೆಯಲ್ಲಿ ಬರೆದು ಹೊಡೆದುಹಾಕುತ್ತಾ ಬಂದೆ. ‘ಅಪ್ರಬಲ’ ಬಳಸುವವರಿದ್ದಾರೆ. ಪರವಾಗಿಲ್ಲ, ಬೈಗುಳದ ಹಾಗಿಲ್ಲ. ಆದರೆ ಸಂಜೆಮಲ್ಲಿಗೆಯ ಪಾಠಕ್ಕೆ ಬಂದಾಗ ಅದೂ ಕೈಬಿಡುತ್ತದೆ. ಕೆಂಪು ಹೂ, ಬಿಳಿ ಹೂ ಕೂಡಿಸಿದರೆ ಗುಲಾಬಿ ಬಣ್ಣದ್ದು ಬರುತ್ತದೆ, ಅಲ್ಲಿ ಯಾವುದೂ ಪೂರ್ತಿ ಪ್ರಬಲ ಅಲ್ಲ. ಹಾಗಾದರೆ ಕೆಂಪೂ ಅಪ್ರಬಲ, ಬಿಳಿಯೂ ಅಪ್ರಬಲ ಅನ್ನಬೇಕಾಗುತ್ತದೆ, ಜೊತೆಗೆ ಆ ಪಾಠದ ಹೆಸರೇ ‘ಅಪೂರ್ಣ ಪ್ರಬಲತೆ’. ಅಪ್ರಬಲ, ಅಪೂರ್ಣ ಪ್ರಬಲ, ಸಹಪ್ರಬಲ (ಎಬಿ ಗುಂಪಿನವರಲ್ಲಿ ಎ, ಬಿ ಎರಡೂ ಕಾಣುವ ಹಾಗೆ) ಮೂರನ್ನೂ ಒಂದೇ ವಾರದಲ್ಲಿ ಕೇಳಿದವನ ಗತಿ ಯೋಚಿಸಿ.

‘ಸುಪ್ತ’ ಚೆನ್ನಾಗಿದೆ ಅನಿಸಿತ್ತು. ಆದರೆ ಮೊಳಕೆಯೊಡೆಯದೆ ಮಲಗಿರುವ ಬೀಜಕ್ಕೆ ಸುಪ್ತಾವಸ್ಥೆ ಅನ್ನುತ್ತೇವೆ, ಅದೂ ಅದೇ ವರ್ಷದ ಪಾಠ, ಉದಾಹರಣೆಯೂ ಬೀಜವೇ. ‘ಹಿಂಜರಿಯುವ ಗುಣ’ ಅಂದರೆ ಮೆಂಡೆಲ್ ಹೇಳಿದ್ದಕ್ಕೆ ಹತ್ತಿರ, ಆದರೆ ಕೇಳಿದವರಿಗೆ ಪಾಪ ಯಾರೋ ನಾಚಿಕೆ ಸ್ವಭಾವದವರು ನೆನಪಾಗುತ್ತಾರೆ. ‘ಮರೆಗುಣ’ದಲ್ಲಿ ಮರೆವು ಬಂದು ಸೇರಿಕೊಳ್ಳುತ್ತದೆ.

ಕೊನೆಗೆ ‘ಅಡಗು’ ಹತ್ತಿರ ನಿಂತಿದ್ದೇನೆ. ಆದರೆ ‘ಅಡಗಿದ ಗುಣ’ ಅಲ್ಲ. ಅದು ಅಡಗಿ ಆಗಿದೆ, ಎಲ್ಲೋ ಕೂತಿದೆ ಅನ್ನುವ ಅರ್ಥ ಬರುತ್ತದೆ, ಸುಕ್ಕು ಬಟಾಣಿಯಲ್ಲಿ ಆ ಗುಣ ಕಣ್ಣೆದುರಿಗೇ ಇರುತ್ತದಲ್ಲ. ‘ಅಡಗುವ ಗುಣ’ ಅಂದರೆ ಸರಿಹೋಗುತ್ತದೆ, ಸಂದರ್ಭ ಬಂದಾಗ ಅಡಗುವಂಥದ್ದು. ಇದರಲ್ಲಿ ಇನ್ನೊಂದು ಲಾಭ ಇದೆ. ‘ಓ ದುರ್ಬಲ’ ಅಂದರೆ ವಾಕ್ಯ ಮುಗಿಯಿತು, ಓಗೆ ಒಂದು ಹಣೆಪಟ್ಟಿ ಬಿತ್ತು. ‘ಓ ಅಡಗುತ್ತದೆ’ ಅಂದರೆ ಕೇಳಿದವರು “ಯಾವುದರ ಮುಂದೆ?” ಅಂತ ಕೇಳಲೇಬೇಕು. ಎ ಮುಂದೆ, ಬಿ ಮುಂದೆ. ಇನ್ನೊಂದು ಓ ಮುಂದೆ ಅಡಗುವುದಿಲ್ಲ. ನಾನು ಅರ್ಧ ಗಂಟೆ ಹೇಳುವ ಪಾಠ ಆ ಒಂದು ಪ್ರಶ್ನೆಯಲ್ಲಿ ಬಂದುಬಿಡುತ್ತದೆ. ಮಾತಿನಲ್ಲಿ ಹೀಗೇ ಹೇಳಿ ನೋಡಿದೆ, ಸಲೀಸಾಗಿ ಹೋಯಿತು.

ತೊಂದರೆ ಇರುವುದು ಬರಹದಲ್ಲಿ. ಕೋಷ್ಟಕದ ತಲೆಬರಹಕ್ಕೆ, ಚಿತ್ರದ ಪಕ್ಕಕ್ಕೆ ಒಂದೇ ಪದ ಬೇಕು. ‘ಅಡಗುತಾಣ’ ಇರುವ ಹಾಗೆ ‘ಅಡಗುಗುಣ’ ಮಾಡಬಹುದು, ಆದರೆ ಆ ‘ಗುಗು’ ಬಾಯಲ್ಲಿ ತೊಡರುತ್ತದೆ, ಅಲ್ಲದೆ ಹಳಗನ್ನಡ ಓದಿದವರಿಗೆ ಅಡಗು ಅಂದರೆ ಮಾಂಸ! (ಜೀವಶಾಸ್ತ್ರದವರ ಮಟ್ಟಿಗೆ ಅದೇನೂ ದೂರದ ಮಾತಲ್ಲ ಬಿಡಿ.)

ಹಾಗಾಗಿ ಕೇಳುವುದು ಎರಡು. ‘ಅಡಗುವ’ ಜಾಗದಲ್ಲಿ ಕೂರುವ ಚಿಕ್ಕ ನಾಮಪದ ನಿಮಗೆ ಯಾವುದಾದರೂ ಹೊಳೆಯುತ್ತದಾ? ಆಡುಮಾತಿನದ್ದಾದರೂ ನಡೆಯುತ್ತದೆ. ಮತ್ತೆ ಅದರ ಜೋಡಿಗೆ ‘ಪ್ರಬಲ’ವನ್ನೇ ಇಟ್ಟುಕೊಳ್ಳಲಾ, ‘ಕಾಣುವ’ ಅನ್ನಲಾ? ‘ಕಾಣುವ’ ಅಂದರೆ ಸುಕ್ಕು ಬಟಾಣಿಯ ಸುಕ್ಕೂ ಕಾಣುತ್ತದೆ ಅಂತ ನೀವು ಹೇಳುತ್ತೀರಿ, ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ರಿಸೆಸಿವ್ ಅಂತಲೇ ಕನ್ನಡದಲ್ಲಿ ಬರೆದುಬಿಡಿ ಅನ್ನುವವರಿಗೂ ನನ್ನ ಅಡ್ಡಿಯಿಲ್ಲ, ಅಲೀಲ್ ಅನ್ನು ಹಾಗೇ ಇಟ್ಟಿದ್ದೇನೆ. ಆದರೆ ಅಲೀಲ್ ಸುಮ್ನೆ ಒಂದು ಹೆಸರು. ಇದು ಏನಾಗುತ್ತದೆ ಅಂತ ಹೇಳುವ ಪದ, ಕೇಳಿದೊಡನೆ ಅರ್ಥವಾದರೆ ಒಳ್ಳೆಯದು ಅಂತ ನನ್ನ ಆಸೆ.