ಜಪಾನೀ ‘ಫುರೊಕು’ಗೆ ಪುರವಣಿ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಹಳೆಯ ಮಾಂಗಾ (ಚಿತ್ರಕತೆ) ಒಂದರ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತಿದ್ದೇನೆ. ಕತೆ ಹೇಳುವುದು ಕಷ್ಟವಾಗಲಿಲ್ಲ, ಪದಗಳೇ ಕೈ ಕೊಡುತ್ತಿವೆ. ಅದರಲ್ಲೂ ‘ಫುರೊಕು’, ಅಂದರೆ ಪತ್ರಿಕೆಯ ಜೊತೆ ಕಟ್ಟಿಕೊಡುತ್ತಿದ್ದ ಬಿಡಿ ಪುಸ್ತಕ.

ಮಾಂಗಾದ ಹೆಸರು ‘ಮಾಬೊರೊಶಿ ತಾಂತೇ’. ಬರೆದವರು ಜಿರೋ ಕುವಾತಾ. 1957ರಿಂದ ‘ಶೋನೆನ್ ಗಾಹೋ’ ಅನ್ನುವ ಹುಡುಗರ ಮಾಸಪತ್ರಿಕೆಯಲ್ಲಿ ಬಂತು. 1959ರಲ್ಲಿ ಟೀವಿಗೂ ಹೋಯಿತು. ನಾಯಕ ಸುಸುಮು ಪೊಲೀಸ್ ಅಧಿಕಾರಿಯೊಬ್ಬರ ಮಗ, ಪತ್ರಿಕೆಯೊಂದರಲ್ಲಿ ಬಾಲ ವರದಿಗಾರ. ಅಪರಾಧದ ಸುಳಿವು ಸಿಕ್ಕರೆ ಟೋಪಿ, ಕಣ್ಣಿಗೆ ಮುಖವಾಡ, ಕತ್ತಿಗೆ ಮಫ್ಲರ್ ಹಾಕಿಕೊಂಡು ಬೇರೆಯೇ ಆಳಾಗುತ್ತಾನೆ.

‘ತಾಂತೇ’ಗೆ ಪತ್ತೇದಾರ ಅಂದುಬಿಟ್ಟೆ. ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಬೇರೆ ಪದ ಹಿಡಿಸುವುದೂ ಇಲ್ಲ. ಆದರೂ ಒಂದು ವಿಷಯ ಕುತೂಹಲದ್ದು. ಜಪಾನೀ ಪದದಲ್ಲಿ ಎರಡು ಅಕ್ಷರಗಳಿವೆ. ಮೊದಲನೆಯದರಲ್ಲಿ ಕೈಯಿಂದ ತಡಕಿ ಹುಡುಕುವ ಅರ್ಥ, ಎರಡನೆಯದರಲ್ಲಿ ಗುಟ್ಟಾಗಿ ಗಮನಿಸುವ ಅರ್ಥ. ಅಂದರೆ ಅವರ ತಾಂತೇ ಇನ್ನೂ ತಡಕಾಡುತ್ತಿದ್ದಾನೆ. ನಮ್ಮ ಪತ್ತೇದಾರ ಹೆಸರಿನಲ್ಲೇ ಪತ್ತೆ ಹಚ್ಚಿ ಆಗಿದೆ!

‘ಮಾಬೊರೊಶಿ’ ಅಂದರೆ ಕಂಡಂತೆ ಆಗಿ ಇಲ್ಲವಾಗುವುದು. ಈಗ ಎಲ್ಲೂ ಸಿಗದ ಪುಸ್ತಕ, ಅಪರೂಪದ ಸಾಕೆ ಮದ್ಯ, ಇವಕ್ಕೂ ಜಪಾನೀಯರು ಇದೇ ಪದ ಹಚ್ಚುತ್ತಾರೆ. ಭೂತ ಅಂದರೆ ಕತೆಯೇ ಬದಲಾಗುತ್ತದೆ. ಭ್ರಮೆ ಅಂದರೆ ಹುಡುಗನಿಗೆ ತಲೆ ಕೆಟ್ಟಿದೆ ಅನ್ನಿಸುತ್ತದೆ. ‘ಮಾಯದ ಪತ್ತೇದಾರ’ ಅಂತ ಬರೆದು ಖುಷಿಯಾಗಿದ್ದೆ. ಮನೆಯಲ್ಲಿ ಓದಿದವರು “ಯಾಕೆ, ಗಾಯ ಇನ್ನೂ ಮಾಯಲಿಲ್ವಾ?” ಅಂದರು. ಈಗ ‘ಮಾಯಾ ಪತ್ತೇದಾರ’ ಅಂತ ಇಟ್ಟಿದ್ದೇನೆ. ಮಾಯವಾದ ಅನ್ನುವ ಮಾತು ನಮ್ಮಲ್ಲಿ ಇರುವುದರಿಂದ ಇದು ನಡೆಯುತ್ತದೆ ಅನ್ನಿಸುತ್ತದೆ.

‘ಶೋನೆನ್’ ಇನ್ನೊಂದು ತೊಡಕು. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ಕಡಿಮೆ ವರ್ಷ’. ಪತ್ರಿಕೆಯ ಮೇಲೆ ಇದ್ದರೆ ಹುಡುಗರು ಅಂತ. ಜಪಾನಿನ 1948ರ ಬಾಲಾಪರಾಧ ಕಾನೂನಿನಲ್ಲಿ ಅದೇ ಪದಕ್ಕೆ ಇಪ್ಪತ್ತು ತುಂಬದವರು ಅನ್ನುವ ಅರ್ಥ, ಹುಡುಗಿಯರೂ ಸೇರಿ. ಪತ್ತೇದಾರಿ ಕತೆಗಾರ ಎಡೋಗಾವಾ ರಾಂಪೋ 1936ರಲ್ಲಿ ‘ಶೋನೆನ್ ಕುರಾಬು’ ಪತ್ರಿಕೆಯಲ್ಲಿ ಶುರು ಮಾಡಿದ ಕತೆಗಳಿಂದ ‘ಶೋನೆನ್ ತಾಂತೇ’ ಅನ್ನುವ ಜೋಡಿಪದ ಮನೆಮಾತಾಯಿತು. ಇದಕ್ಕೆ ‘ಬಾಲ ಪತ್ತೇದಾರ’ ಅನ್ನಲೇ? ಬಾಲದಂತೆ ಬೆನ್ನು ಹತ್ತುವವನು ಅಂತ ಯಾರಾದರೂ ನಕ್ಕಾರು. ಮರಿ ಪತ್ತೇದಾರ ಅಂದರೆ ಮರಿ ಪುಢಾರಿಯ ನೆನಪು ಬರುತ್ತದೆ. ಸುಮ್ನೆ ‘ಹುಡುಗ ಪತ್ತೇದಾರ’ ಅನ್ನುವುದೇ ನನಗೆ ಇಷ್ಟ.

ಈಗ ನಿಜವಾಗಿ ಸಿಕ್ಕಿಬಿದ್ದಿರುವ ಪದ: ‘ಫುರೊಕು’. ಮೊದಲ ಅಕ್ಷರ ‘ಅಂಟಿಸು’, ಎರಡನೆಯದು ‘ದಾಖಲೆ’. ಪುಸ್ತಕದ ಕೊನೆಯ ಅನುಬಂಧಕ್ಕೂ ಇದೇ ಪದ. ಆದರೆ 1950ರ ದಶಕದ ಹುಡುಗರ ಮಾಸಪತ್ರಿಕೆಗಳಲ್ಲಿ ಫುರೊಕು ಅಂದರೆ ಪತ್ರಿಕೆಯ ಜೊತೆ ಕಟ್ಟಿಕೊಡುತ್ತಿದ್ದ ಕಾಗದದ ಆಟಿಕೆಗಳು ಮತ್ತು ಚಿಕ್ಕ ಅಳತೆಯ ಬಿಡಿ ಪುಸ್ತಕಗಳು. ಈ ತಿಂಗಳು ಇಷ್ಟು ಫುರೊಕು ಅಂತ ಮುಖಪುಟದಲ್ಲೇ ದೊಡ್ಡದಾಗಿ ಸಾರುತ್ತಿದ್ದರು. ಕತೆ ಮುಖ್ಯ ಪತ್ರಿಕೆಯಲ್ಲಿ ಶುರುವಾಗುತ್ತದೆ. ಖಳ ಪಿಸ್ತೂಲು ಎತ್ತಿದ ಅಂದುಕೊಳ್ಳಿ, ಅಲ್ಲಿಗೆ ಪುಟ ಮುಗಿಯುತ್ತದೆ. ‘ಮುಂದಿನದು ಫುರೊಕುವಿನಲ್ಲಿ’. ಹುಡುಗ ದೊಡ್ಡ ಪತ್ರಿಕೆ ಕೆಳಗಿಟ್ಟು ಚಿಕ್ಕ ಪುಸ್ತಕ ಎತ್ತಿಕೊಳ್ಳಬೇಕು. ಆ ಪುಸ್ತಕ ಕಳೆದರೆ ಗುಂಡು ಯಾರಿಗೆ ತಗುಲಿತೋ ಗೊತ್ತೇ ಆಗುವುದಿಲ್ಲ.

ಪುರವಣಿ ಅಂದರೆ ನಮಗೆ ಭಾನುವಾರದ ಪತ್ರಿಕೆ ಕಣ್ಣಿಗೆ ಬರುತ್ತದೆ. ಅದನ್ನು ಓದದಿದ್ದರೂ ಸುದ್ದಿ ಅರ್ಥವಾಗುತ್ತದೆ. ಅನುಬಂಧವೂ ಹಾಗೇ, ಜಾಸ್ತಿ ಜನ ಅಲ್ಲಿವರೆಗೆ ಹೋಗುವುದೇ ಇಲ್ಲ. ಬಾಲಂಗೋಚಿಯಲ್ಲಿ ತಾತ್ಸಾರವಿದೆ. ‘ಕೊಸರು’ ಹೊಳೆಯಿತು. ಸೊಪ್ಪಿನವಳು ಕೊನೆಗೆ ಹಾಕುವ ಒಂದು ಹಿಡಿ ಕೊತ್ತಂಬರಿಯ ಖುಷಿ ಫುರೊಕುವಿನಲ್ಲಿ ಖಂಡಿತ ಇದೆ. ‘ಕೊಸರುಪುಸ್ತಕ’ ಅಂದರೆ ಕಿವಿಗೂ ಚೆನ್ನಾಗಿದೆ. ಆದರೆ ಕೊಸರು ಕೊಡದಿದ್ದರೂ ಸಾರು ಆಗುತ್ತದೆ. ಇಲ್ಲಿ ಅರ್ಧ ಸಾರೇ ಕೊಸರಿನಲ್ಲಿದೆ, ಅಲ್ವಾ?

‘ಧಾರಾವಾಹಿಯಾಗಿ ಬಂತು’ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ಈಗಿನವರಿಗೆ ಟೀವಿ ನೆನಪಾದರೂ ಪತ್ರಿಕೆಯ ಹೆಸರು ಪಕ್ಕದಲ್ಲಿದ್ದರೆ ಗೊಂದಲವಿಲ್ಲ.

ಹಾಗಾಗಿ ಕೇಳುವುದು ಇಷ್ಟು: ಜೊತೆಗೆ ಬರುವ, ಆದರೆ ಬಿಟ್ಟರೆ ಕತೆ ಮುಗಿಯದ ಇಂಥ ಬಿಡಿ ಪುಸ್ತಕಕ್ಕೆ ನಿಮ್ಮ ಕಡೆ ಯಾವುದಾದರೂ ಮಾತು ಇದೆಯೇ? ಇಲ್ಲದಿದ್ದರೆ ‘ಕೊಸರುಪುಸ್ತಕ’ವನ್ನೇ ಬಳಸಿ, ಮೊದಲ ಸಲ ಬಂದಾಗ ಎರಡು ಸಾಲು ವಿವರಣೆ ಕೊಡುವ ಯೋಚನೆಯಿದೆ. ಬೇಡ ಅನ್ನುವವರು ಕಾರಣವನ್ನೂ ಹೇಳಿ.