ಗಪ್ಪಿ ಮೀನಿನ ಗುದದ್ವಾರದಲ್ಲಿ ಕೆಂಪು ಎಳೆಗಳು: ಯಾವ ಜಂತುನಾಶಕ, ಎಷ್ಟು ಪ್ರಮಾಣ?

ಪ್ರಶ್ನೆ:
ನನ್ನ ಅಕ್ವೇರಿಯಂನಲ್ಲಿರುವ ಕೆಲವು ಹೆಣ್ಣು ಗಪ್ಪಿಗಳ ಗುದದ್ವಾರದಿಂದ ಕೂದಲೆಳೆಯಷ್ಟು ಸಣ್ಣ ಕೆಂಪು ಎಳೆಗಳು ಹೊರಚಾಚಿಕೊಂಡಿವೆ. ಮೀನು ಅಲುಗಾಡದೆ ನಿಂತಾಗ ಇವು ಸ್ಪಷ್ಟವಾಗಿ ಕಾಣುತ್ತವೆ. ಈಜಲು ಹೊರಟ ಕೂಡಲೇ ಒಳಕ್ಕೆ ಸರಿದುಬಿಡುತ್ತವೆ. ಮೀನುಗಳು ಆಹಾರವನ್ನೇನೋ ತಿನ್ನುತ್ತಿವೆ, ಆದರೆ ಮೈ ಸೊರಗುತ್ತಿದೆ. ನನ್ನಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಜಂತುನಾಶಕ ಇದೆ. ಅದು ಸಾಕಾಗುತ್ತದೆಯೇ? ತೊಟ್ಟಿಯಲ್ಲಿ ಗಿಡಗಳೂ ಬಸವನಹುಳುಗಳೂ ಇರುವುದರಿಂದ ಅವುಗಳಿಗೆ ತೊಂದರೆಯಾಗದ ಔಷಧಿಯನ್ನು ದಯವಿಟ್ಟು ತಿಳಿಸಿ.

ಉತ್ತರ 1:
ನೀವು ವರ್ಣಿಸಿರುವ ಲಕ್ಷಣ ಕ್ಯಾಮಲ್ಲಾನಸ್ ಎಂಬ ದುಂಡುಹುಳುವಿನದು. ಅದು ಗಟ್ಟಿಯಾದ ಬಾಯಿಯಿಂದ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಪ್ರಾಜಿಕ್ವಾಂಟೆಲ್ ಲಾಡಿಹುಳುಗಳಿಗೂ ಕಿವಿರು ಮತ್ತು ಚರ್ಮಕ್ಕೆ ಅಂಟುವ ಫ್ಲೂಕ್ ಎಂಬ ಚಪ್ಪಟೆಹುಳುಗಳಿಗೂ ಒಳ್ಳೆಯ ಔಷಧಿಯೇ ಹೊರತು ದುಂಡುಹುಳುಗಳ ಮೇಲೆ ಕೆಲಸ ಮಾಡುವುದಿಲ್ಲ. ನಿಮಗೆ ಬೇಕಾಗಿರುವುದು ಲೆವಾಮಿಸೋಲ್.

ಸಾಮಾನ್ಯವಾಗಿ ಬಳಸುವ ಪ್ರಮಾಣ ಪ್ರತಿ ಲೀಟರ್ ನೀರಿಗೆ 2 ಮಿಲಿಗ್ರಾಂ, ಅವಧಿ 24 ಗಂಟೆ. ಔಷಧಿ ಹಾಕುವ ಮೊದಲು ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇದ್ದರೆ ತೆಗೆದಿಡಿ, ಏಕೆಂದರೆ ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ. ದೀಪ ಆರಿಸಿ, ಆದರೆ ಏರ್ ಪಂಪ್ ನಡೆಯುತ್ತಿರಲಿ. ಇಲ್ಲಿ ಬಹಳ ಮಂದಿ ಮರೆಯುವ ಸಂಗತಿಯೊಂದಿದೆ: ಲೆವಾಮಿಸೋಲ್ ಹುಳುವಿನ ಸ್ನಾಯುಗಳನ್ನು ಮರಗಟ್ಟಿಸುತ್ತದೆ, ಹಿಡಿತ ತಪ್ಪಿದ ಹುಳು ಮಲದೊಂದಿಗೆ ಹೊರಬೀಳುತ್ತದೆ, ಆದರೆ ಅದು ಸತ್ತೇಹೋಗಿರುತ್ತದೆಂಬ ಖಾತ್ರಿ ಇಲ್ಲ. ಆದ್ದರಿಂದ 24 ಗಂಟೆ ಕಳೆದ ಮೇಲೆ ತಳದ ಜಲ್ಲಿಯನ್ನು ಸೈಫನ್‌ನಿಂದ ಮೂಲೆಮೂಲೆಯೂ ಬಿಡದಂತೆ ಎಳೆದು, ಹೆಚ್ಚಿನ ಪಾಲು ನೀರನ್ನು ಬದಲಿಸಲೇಬೇಕು. ಎರಡು ಮೂರು ವಾರಗಳ ನಂತರ ಇಡೀ ಕ್ರಮವನ್ನು ಮತ್ತೊಮ್ಮೆ ಮಾಡಿ. ಎಳೆಗಳು ಕಾಣದ ಮೀನುಗಳಲ್ಲಿಯೂ ಹುಳು ಇರಬಹುದಾದ್ದರಿಂದ ಇಡೀ ತೊಟ್ಟಿಗೆ ಚಿಕಿತ್ಸೆ ಕೊಡಿ. ಚಿಮುಟದಿಂದ ಎಳೆದು ತೆಗೆಯುವ ಆಸೆಯನ್ನಂತೂ ಬಿಟ್ಟುಬಿಡಿ, ಕರುಳು ಹರಿಯುತ್ತದೆ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಫೆನ್‌ಬೆಂಡಜೋಲ್ ಕೂಡ ಈ ಹುಳುವಿಗೆ ಬಳಕೆಯಲ್ಲಿದೆ ಎಂಬುದನ್ನು ಸೇರಿಸಬೇಕು. ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಅದನ್ನು ಆಹಾರದಲ್ಲಿ ಬೆರೆಸಿ ಕೊಡುತ್ತಾರೆ. ಹಾಗೆ ಕೊಟ್ಟರೆ ಔಷಧಿ ನೇರವಾಗಿ ಕರುಳಿಗೇ ತಲುಪುತ್ತದೆ ಎಂಬುದು ಅನುಕೂಲ. ತೀರ ನಿತ್ರಾಣವಾಗಿ ತಿನ್ನುವುದನ್ನೇ ಬಿಟ್ಟ ಮೀನಿಗೆ ಅದರಿಂದ ಪ್ರಯೋಜನವಿಲ್ಲ ಎಂಬುದು ಅನನುಕೂಲ. ಇದಲ್ಲದೆ ಅದು ಹಲವು ಜಾತಿಯ ಬಸವನಹುಳುಗಳನ್ನು ಕೊಲ್ಲುತ್ತದೆ, ತಳದಲ್ಲಿ ಬಹುಕಾಲ ಉಳಿಯುತ್ತದೆ. ನಿಮ್ಮ ತೊಟ್ಟಿಯ ಮಟ್ಟಿಗೆ ಲೆವಾಮಿಸೋಲ್ ವಾಸಿ ಎಂದೇ ನನ್ನ ಅಭಿಪ್ರಾಯ.

ಉದ್ದನೆಯ ಬಿಳಿ ಮಲ ಕಂಡವರು ಮಾತ್ರ ಇದೇ ಔಷಧಿಗೆ ಕೈಹಾಕಬಾರದು. ಅದಕ್ಕೆ ಕಾರಣ ಹುಳುವಾಗಿರದೆ ಸ್ಪೈರೋನ್ಯೂಕ್ಲಿಯಸ್‌ನಂತಹ ಏಕಕೋಶಜೀವಿಯೂ ಆಗಿರಬಹುದು, ಅದಕ್ಕೆ ಮೆಟ್ರೋನಿಡಜೋಲ್ ಬೇಕು. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಊಹೆಯ ಮೇಲೆ ಔಷಧಿ ಸುರಿಯುವುದು ತಪ್ಪುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತೊಟ್ಟಿಯ ಉದ್ದ 60 ಸೆಂ.ಮೀ., ಅಗಲ 30 ಸೆಂ.ಮೀ., ಜಲ್ಲಿಯ ಮೇಲಿನಿಂದ ನೀರಿನ ಮಟ್ಟ 28 ಸೆಂ.ಮೀ. ನನಗೆ ದೊರೆತಿರುವುದು ಜಾನುವಾರುಗಳಿಗೆಂದು ತಯಾರಿಸಿದ 7.5% ಲೆವಾಮಿಸೋಲ್ ದ್ರಾವಣ. ಇದನ್ನು ಬಳಸಬಹುದೇ?

ಉತ್ತರ 1 ಬರೆದವರು:
ಅದರಲ್ಲಿ ಲೆವಾಮಿಸೋಲ್ ಒಂದೇ ಇದ್ದರೆ ಬಳಸಬಹುದು. ಜಾನುವಾರುಗಳ ಔಷಧಿಗಳಲ್ಲಿ ಆಕ್ಸಿಕ್ಲೋಜನೈಡ್ ಎಂಬ ಇನ್ನೊಂದು ಜಂತುನಾಶಕ ಬೆರೆಸಿದ ಜೋಡಿ ಔಷಧಿಗಳೂ ಇರುವುದರಿಂದ ಲೇಬಲ್ಲನ್ನು ಪೂರ್ತಿಯಾಗಿ ಓದಿ. ಅಂಥದ್ದಾದರೆ ಬೇಡವೇ ಬೇಡ. 60, 30, 28 ಇವನ್ನು ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 50 ಲೀಟರ್, ಅಂದರೆ 100 ಮಿ.ಗ್ರಾಂ. ಔಷಧಿ ಬೇಕು. 7.5% ದ್ರಾವಣದ ಪ್ರತಿ ಮಿ.ಲೀ.ನಲ್ಲಿ 75 ಮಿ.ಗ್ರಾಂ. ಇರುವುದರಿಂದ 1.3 ಮಿ.ಲೀ. ಸಾಕು. ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆದು, ಒಂದು ಲೋಟ ತೊಟ್ಟಿಯ ನೀರಿನಲ್ಲೇ ಕಲಸಿ, ಫಿಲ್ಟರ್‌ನ ನೀರು ಬೀಳುವ ಕಡೆ ನಿಧಾನವಾಗಿ ಹೊಯ್ಯಿರಿ. ಹುಳುಗಳು ಬಹಳವಾಗಿದ್ದ ಮೀನು ಅವು ಉದುರಿದ ಮೇಲೂ ಕರುಳಿನ ಗಾಯದಿಂದ ಸಾಯಬಹುದು. ಅದನ್ನು ಔಷಧಿಯ ದೋಷವೆಂದು ತಿಳಿದು ಎರಡನೆಯ ಸುತ್ತನ್ನು ಕೈಬಿಡಬೇಡಿ. ಅಲ್ಲಿಯವರೆಗೆ ಈ ತೊಟ್ಟಿಯ ಬಲೆಯನ್ನಾಗಲಿ ಸೈಫನ್ ಕೊಳವೆಯನ್ನಾಗಲಿ ಬೇರೆ ತೊಟ್ಟಿಯಲ್ಲಿ ಅದ್ದಬೇಡಿ.